ಮೂರು ನಕ್ಷೆ, ಒಂದು ಹಳ್ಳ

ಈ ಸಲ ಅಷ್ಟು ಮಳೆ ಬಂದ್ರೂ ನಮ್ಮೂರ ಕೆರೆ ಅರ್ಧಕ್ಕೇ ನಿಂತಿತು. ನೀರು ಎಲ್ಲಿ ತಪ್ಪಿತು ಅಂತ ನೋಡೋಕೆ ಒಂದು ನಕ್ಷೆ ಮಾಡ್ದೆ.

ತಾಲ್ಲೂಕು ಕಚೇರಿಯಿಂದ ತಂದ ಹಳೇ ಗ್ರಾಮನಕ್ಷೆಯನ್ನ ಟ್ರೇಸಿಂಗ್ ಪೇಪರಿಗೆ ಇಳಿಸ್ಕೊಂಡೆ. ಈಗಿನ ಉಪಗ್ರಹ ಚಿತ್ರವನ್ನ ಅದೇ ಅಳತೆಗೆ ಪ್ರಿಂಟ್ ಹಾಕಿಸಿ ಕೆಳಗಿಟ್ಟೆ. ಹೊಂದಿಸೋಕೆ ಬದು, ಬೇಲಿ ನಂಬಬೇಡಿ, ಅವು ಜರುಗ್ತವೆ. ನಾನು ಕೆರೆ ತೂಬು, ಹಳೇ ಗುಡಿ, ಮೂರು ಊರಿನ ಗಡಿ ಸೇರೋ ಕಲ್ಲು ಇಟ್ಕೊಂಡೆ. ನೀರಗಂಟಿ ತಾತ ಹೇಳಿದ್ದನ್ನ ಮೇಲೆ ಕೆಂಪು ಪೆನ್ನಲ್ಲಿ ಬರೆದೆ.

ಗ್ರಾಮನಕ್ಷೇಲಿ ಕೆರೆಗೆ ಬರೋ ಹಳ್ಳ ಒಂದಿದೆ. ಉಪಗ್ರಹ ಚಿತ್ರದಲ್ಲಿ ಅದು ಒಂದು ಅಡಿಕೆ ತೋಟದ ಹತ್ರ ಮಾಯ. ಆ ತೋಟ ನಂದೇ.

"ಮೊದ್ಲು ಬದು ಹಾಕಿದ್ದು ನಿಮ್ಮಪ್ಪ ಕಣಪ್ಪ" ಅಂದ್ರು ತಾತ. ಮಣ್ಣು ಹೊಡೆಸಿ ಸಸಿ ಇಟ್ಟೋನು ನಾನು. ಪಹಣೀಲಿ 4 ಗುಂಟೆ 'ಬ' ಖರಾಬು ಅಂತಲೇ ಇದೆ, ಅಂದ್ರೆ ಸಾರ್ವಜನಿಕರದ್ದು. ಸಾಲಕ್ಕೆ ಹೋದಾಗೆಲ್ಲ ಆ ಪಹಣಿ ಕೊಟ್ಟಿದೀನಿ, ಆ ಸಾಲು ಓದಿರಲಿಲ್ಲ.

ಅಲ್ಲಿ ಫಸಲು ಕೊಡೋ 52 ಮರ ಇವೆ. ಮನೇಲಿ ಇನ್ನೂ ಒಪ್ಪಿಲ್ಲ. ನಾನು ಗೀಚಿದ ನಕ್ಷೆ ದಾಖಲೆ ಆಗಲ್ಲ, ಅದಕ್ಕೇ ಸರ್ವೆ ಅಳತೆಗೆ ಅರ್ಜಿ ಹಾಕಿದೀನಿ. ಮೇಲ್ಗಡೆ ತೋಟದೋರೇ, ನಿಮ್ಮ ಪಹಣೀನೂ ಒಂದ್ಸಲ ತೆಗೆದು ನೋಡಿ. ನಕ್ಷೆ ನಮ್ಮನೆ ಜಗಲೀಲಿದೆ, ಬನ್ನಿ.