ಹಿಪ್ಪರಗಾ ಕೆರೆಯಿಂದ ನಾನ್ನಜದ ಮಾಳಕ್ಕೆ

ಸೊಲ್ಲಾಪುರದ ಚಳಿಗಾಲವೆಂದರೆ ಎಳ್ಳಮಾವಾಸ್ಯೆಯ ಚರಗ, ಹೊಲದ ಸೀತನಿ, ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಜಾತ್ರೆ. ನಮಗೆ ನೆನಪಾಗುವುದು ಇಷ್ಟೇ. ಇದೇ ದಿನಗಳಲ್ಲಿ ದೂರದೇಶದ ಅತಿಥಿಗಳೂ ನಮ್ಮ ಸೀಮೆಗೆ ಬಂದಿಳಿಯುತ್ತಾರೆಂಬುದನ್ನು ನಾವು ಬಹುಕಾಲ ಗಮನಿಸಿರಲಿಲ್ಲ. ಜಾತ್ರೆಗೆ ಮುಂಚಿನ ಒಂದು ರವಿವಾರ, ಎಂಬತ್ತು ದಾಟಿದ ಮುತ್ಯಾನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು, ರೊಟ್ಟಿಯ ಬುತ್ತಿ ಕಟ್ಟಿಕೊಂಡು ನಸುಕಿನಲ್ಲಿಯೇ ಹೊರಟೆವು. ತಾನು ಎಳೆತನದಲ್ಲಿ ಕಂಡ ಎರೆಲಡ್ಡುವನ್ನು ಮೊಮ್ಮಕ್ಕಳಿಗೆ ತೋರಿಸಬೇಕೆಂಬುದು ಮುತ್ಯಾನ ಆಸೆ.

ಮೊದಲು ತುಳಜಾಪುರದ ದಾರಿ ಹಿಡಿದು ಹಿಪ್ಪರಗಾ ಕೆರೆಗೆ ಹೋದೆವು. ಸರಕಾರಿ ಕಾಗದಗಳಲ್ಲಿ ಇದು ಏಕ್ರುಖ್ ಜಲಾಶಯ. ಆದಿಲಾ ನದಿಗೆ ಮಣ್ಣಿನ ಒಡ್ಡು ಹಾಕಿ 1871ರಲ್ಲಿ ಪೂರೈಸಿದ ಕೆಲಸ. ಮಂಜು ಸರಿದಂತೆ ನೀರಿನ ಮೇಲೆ ಕಪ್ಪು ಚುಕ್ಕೆಗಳು ಮೂಡಿದವು: ನಾಮದ ಕೋಳಿಗಳು. ಹಣೆಯ ಬಿಳುಪನ್ನು ಕಂಡ ಕಿರಿಯವಳು, “ಮುತ್ಯಾ, ಅವಕ್ಕ ಈಬತ್ತಿ ಯಾರು ಹಚ್ಯಾರ?” ಎಂದು ಕೇಳಿದಳು. ಆಚೆ ದಡದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮೇಯುತ್ತಿದ್ದವು. ಬಿಳಿಯ ತಲೆಯ ಹಿಂಬದಿಗೆ ಎರಡು ಕಪ್ಪು ಗೆರೆಗಳು. ಅದೇ ಅವುಗಳ ಗುರುತು. ಟಿಬೆಟ್ಟು, ಮಂಗೋಲಿಯಾಗಳ ಎತ್ತರದ ನೆಲದಲ್ಲಿ ಮರಿಮಾಡಿ, ಹಿಮಾಲಯವನ್ನು ಹಾರಿ ದಾಟಿ ಇಲ್ಲಿಗೆ ಬರುವ ಜೀವಗಳಿವು. ಕಟ್ಟಿದವನು ಮನುಷ್ಯ, ಒಕ್ಕಲಾದವು ಹಕ್ಕಿಗಳು. ಕೆರೆ ಕಟ್ಟಿಸಿದ ಸಿದ್ಧರಾಮನ ಊರಿನವರಾದ ನಮಗೆ ಹೆಮ್ಮೆಯೆನಿಸಿತು.

ಬುತ್ತಿ ಬಿಚ್ಚಿ ಉಂಡು, ಮರಳಿ ಊರಿಗೆ ಬಂದು, ಬಾರ್ಶಿ ರಸ್ತೆಗೆ ಹೊರಳಿದೆವು. ದಾರಿಯುದ್ದಕ್ಕೂ ಬಿಳಿಜೋಳ, ಕುಸುಬೆ. ನಾನ್ನಜ ಬಂದಾಗ ಬಿಸಿಲೇರಿತ್ತು. ಮೊಣಕಾಲೆತ್ತರದ ಒಣಹುಲ್ಲು, ಅಲ್ಲಲ್ಲಿ ಕಲ್ಲು, ಮೇಲೆ ಬರಿಯ ಆಕಾಶ. ಕೃಷ್ಣಮೃಗಗಳ ಹಿಂಡೊಂದು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು. ಹುಲ್ಲಿಗೆ ತಾಗುವಂತೆ ತೇಲುತ್ತ ಗಿಡುಗವೊಂದು ಸಾಗಿತು. ಅದೂ ಚಳಿಗಾಲದ ಅತಿಥಿಯೇ.

ಮನೆಯೊಡೆಯ ಮಾತ್ರ ಕಾಣಲಿಲ್ಲ. ಮರಾಠಿಯಲ್ಲಿ ಅದು ಮಾಳಢೋಕ, ನಮ್ಮಲ್ಲಿ ಎರೆಲಡ್ಡು. ಒಂದು ಭಾಷೆ ಅದರ ಹೆಸರಿಗೆ ಮಾಳವನ್ನು ಕೊಟ್ಟಿತು, ಇನ್ನೊಂದು ಎರೆಯ ನೆಲವನ್ನು. ಮೀಟರಿನಷ್ಟು ಎತ್ತರ, ಗಂಡು ಹದಿನೈದು ಕಿಲೋವರೆಗೂ ತೂಗಬಲ್ಲುದು. ಹೆಣ್ಣು ಬಯಲು ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಡುತ್ತದೆ. ನರಿ ನಾಯಿಗಳ ಬಾಯಿಂದ ಅದು ಉಳಿದರೆ ಪುಣ್ಯ. ಇದಿರಿಗಿರುವುದು ಸರಿಯಾಗಿ ಕಾಣದ ಕಾರಣ ವಿದ್ಯುತ್ ತಂತಿಗೆ ಬಡಿದು ಸಾಯುವುದೂ ಉಂಟು. ಇದಕ್ಕಾಗಿ 1979ರಲ್ಲಿ ಇಲ್ಲಿ ಅಭಯಾರಣ್ಯವಾಯಿತು. ವಿಸ್ತಾರ 8,496 ಚದರ ಕಿಲೋಮೀಟರು. ಅದರಲ್ಲಿ ಬಹುಪಾಲು ರೈತರ ಹೊಲ, ಊರುಗಳೇ ಇದ್ದುದರಿಂದ ಜನರಿಗೂ ತೊಂದರೆ ತಪ್ಪಲಿಲ್ಲ. 2012ರಲ್ಲಿ ಅದನ್ನು ಸುಮಾರು 1,222ಕ್ಕೆ ಇಳಿಸಿದರು. ಇಂದು ದೇಶದಲ್ಲೆಲ್ಲ ಕಾಡಿನಲ್ಲುಳಿದ ಎರೆಲಡ್ಡುಗಳು ಇನ್ನೂರಕ್ಕೂ ಕಡಿಮೆ. ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿ.

ಮರವಿಲ್ಲದ ನೆಲವನ್ನು ನಾವು ಬೀಳೆಂದು ಕರೆಯುತ್ತೇವೆ. ಉಳುತ್ತೇವೆ, ಇಲ್ಲವೇ ಸಸಿ ನೆಟ್ಟು ಉಪಕಾರ ಮಾಡಿದೆವೆಂದು ತಿಳಿಯುತ್ತೇವೆ. ಆದರೆ ಹುಲ್ಲೇ ಮಾಳದ ಸಂಪತ್ತು. ಕೆರೆಯನ್ನು ಕಟ್ಟಬಹುದು, ಮಾಳವನ್ನು ಕಟ್ಟಲು ಬರುವುದಿಲ್ಲ, ಉಳಿಸಿಕೊಳ್ಳಬೇಕಷ್ಟೇ. ಗಡಿಯಾಚೆ ಬಾಳುವ ನಾವು ನಮ್ಮ ನುಡಿಯನ್ನು ಉಳಿಸಿಕೊಳ್ಳಲು ಹೆಣಗುವವರು; ಹಕ್ಕಿಯೇ ಹೋದ ಮೇಲೆ ಎರೆಲಡ್ಡು ಎಂಬ ಮಾತು ಯಾರ ನಾಲಗೆಯಲ್ಲಿ ಉಳಿದೀತು?

ಸಂಜೆಯವರೆಗೆ ಕಾದೆವು. ಮುತ್ಯಾ ತನ್ನ ಸೊಂಟದ ಮಟ್ಟಕ್ಕೆ ಕೈಯಿಟ್ಟು, “ಇಷ್ಟೆತ್ತರ ಇರ್ತಿತ್ತು” ಎಂದು ಮಕ್ಕಳಿಗೆ ತೋರಿಸಿದ.

“ಮುಂದಿನ ವರ್ಷ ಮತ್ತ ಬರೋಣೇನ, ಮುತ್ಯಾ?”

“ಬರೋಣ ಬಾ. ಮಾಳ ಒಂದು ಇರಬೇಕು ನೋಡು.”