ಕೆಂಪಾಗಿಯೇ ಉಳಿದ ನೀರು

ಕೊಲ್ಲೂರಿನಲ್ಲಿ ಸೌಪರ್ಣಿಕೆಯ ಮೆಟ್ಟಿಲ ಮೇಲೆ ಕೂತು ಬಾಟಲಿಗೆ ನೀರು ತುಂಬಿಸುತ್ತಿದ್ದೆ. ಪಕ್ಕದಲ್ಲಿ ಅಮ್ಮಮ್ಮ ಬೊಗಸೆಯಲ್ಲಿ ನೀರೆತ್ತಿಕೊಂಡು, ಬಾಯಿಗೆ ಒಯ್ಯುವ ಮೊದಲು ನನ್ನ ಮುಖ ನೋಡಿದರು. "ಮಗಾ, ಇದ್ ಕುಡಿಲಕ್ಕಾ? ನೀ ಓದ್ದವ್ಳಲ್ದಾ, ಹೇಳ್ ಕಾಂಬ."

ಎಷ್ಟೋ ವರ್ಷ ಈ ನೀರನ್ನು ತೀರ್ಥವೆಂದು ಕುಡಿದವರು ಹೀಗೆ ಕೇಳಿದ್ದು ಅದೇ ಮೊದಲು. ನೀರಿನಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೇಗ ತಿಳಿಯುವುದೇ ನನ್ನ ಪಿಎಚ್‌ಡಿಯ ವಿಷಯ. ಆದರೂ ಉತ್ತರ ಬರಲಿಲ್ಲ. "ಮನೆಗ್ ಹೋಯಿ ಕುದ್ಸಿ ಕುಡಿವ ಅಮ್ಮಮ್ಮ" ಎಂದೆ.

"ಕುದ್ಸಿರೆ ಬೇರಿನ್ ಗುಣ ಹೋತಿಲ್ಯಾ?" ಎಂದರು. 64 ಔಷಧಿ ಗಿಡಗಳ ಬೇರು ತಾಗಿ ಬರುವ ನೀರು ಇದೆಂಬುದು ನಮ್ಮೂರ ನಂಬಿಕೆ. ನಾನು ಸುಮ್ಮನೆ ನಕ್ಕೆ.

ಈಗಿರುವ ಪದ್ಧತಿ ನಿಧಾನದ್ದು. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಇ.ಕೋಲಿ ಸಿಗಬಾರದು ಎನ್ನುತ್ತದೆ ಭಾರತೀಯ ಮಾನಕ. ಕಣ್ಣಿಗೆ ಕಾಣದ ಅದನ್ನು ಆಹಾರ ಕೊಟ್ಟು, ಬೆಚ್ಚಗಿಟ್ಟು, ಕಾಣುವಷ್ಟು ಬೆಳೆಸಬೇಕು. ಅದಕ್ಕೆ ಒಂದೆರಡು ದಿನ ಬೇಕು. ಬೆಳಿಗ್ಗೆ ಇಲ್ಲಿ ಮುಳುಗು ಹಾಕಿದ ಕೇರಳದ ಭಕ್ತರು ಅಷ್ಟರಲ್ಲಿ ಊರು ಸೇರಿ, ತುಂಬಿಸಿಕೊಂಡು ಹೋದ ನೀರನ್ನು ನೆರೆಮನೆಗೂ ಹಂಚಿರುತ್ತಾರೆ.

ಹಾಗಾಗಿ ನಾನು ಬಂಗಾರವನ್ನು ನೆಚ್ಚಿಕೊಂಡೆ. 20 ನ್ಯಾನೋಮೀಟರಿನ ಕಣಗಳು, ಬ್ಯಾಕ್ಟೀರಿಯಾದ ಉದ್ದದ ಸುಮಾರು ನೂರನೇ ಒಂದು ಪಾಲು. ಅವು ಹಸಿರು ಬೆಳಕನ್ನು ಹೀರುವುದರಿಂದ ದ್ರಾವಣ ಪುನರ್ಪುಳಿ ಪಾನಕದ ಹಾಗೆ ಕೆಂಪು. ಈ ಕೆಂಪಿನ ಬಗ್ಗೆ ಮೈಕೆಲ್ ಫ್ಯಾರಡೆ 1857ರಲ್ಲೇ ಬರೆದಿದ್ದ. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ಬಣ್ಣ ನೀಲಿಗೆ ತಿರುಗುತ್ತದೆ. ಅಂಟದಿರಲೆಂದು ಅವುಗಳ ಮೈಗೆ ಡಿಎನ್‌ಎಯ ಚಿಕ್ಕ ಎಳೆಗಳನ್ನು ಹೊದಿಸುತ್ತೇವೆ. ಈ ಎಳೆಗಳಿಗೆ ಬಂಗಾರಕ್ಕಿಂತ ಇ.ಕೋಲಿಯ ಸೆಳೆತ ಹೆಚ್ಚು. ಅದು ಇದ್ದರೆ ಬಂಗಾರವನ್ನು ಬಿಟ್ಟು ಅದರತ್ತ ಹೋಗುತ್ತವೆ. ಆಗ ಸ್ವಲ್ಪ ಉಪ್ಪು ಹಾಕಿದರೆ ಬರಿಮೈಯ ಕಣಗಳು ಗುಂಪುಗೂಡಿ ನೀಲಿಯಾಗುತ್ತವೆ. ಎಲ್ಲ ಸೇರಿ ಅರ್ಧ ಗಂಟೆ. ಲ್ಯಾಬಿನ ಶುದ್ಧ ನೀರಿನಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಕೊಲ್ಲೂರಿನ ಬಾಟಲಿ ತೆರೆದು, ಬೇಕೆಂದೇ ಅದಕ್ಕೆ ಇ.ಕೋಲಿ ಬೆರೆಸಿದೆ. ನೀಲಿಯಾಗಬೇಕಿತ್ತು. ಆಗಲಿಲ್ಲ. ಮತ್ತೆ ಮಾಡಿದೆ. ಮೂರನೇ ಸಲವೂ ಕೆಂಪು. ಆ ಬೆಳಿಗ್ಗೆ ಮೆಟ್ಟಿಲ ಮೇಲೆ ಈ ಕಿಟ್ ನನ್ನ ಕೈಯಲ್ಲಿದ್ದಿದ್ದರೆ, ಕೆಂಪು ನೋಡಿ ಧೈರ್ಯದಿಂದ "ಕುಡಿ ಅಮ್ಮಮ್ಮ" ಎನ್ನುತ್ತಿದ್ದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಸಿಕ್ಕಿದ್ದು ವಾರಗಳ ನಂತರ. ಕೊಡಚಾದ್ರಿಯ ಕಾಡಿನಲ್ಲಿ ಕೊಳೆತ ಎಲೆ, ಬೇರು, ತೊಗಟೆಗಳ ಸಾರ ನೀರಿನಲ್ಲಿ ಕರಗಿರುತ್ತದೆ; ಹ್ಯೂಮಿಕ್ ಆಮ್ಲ ಎನ್ನುತ್ತೇವೆ. ಡಿಎನ್‌ಎ ಬಿಟ್ಟುಹೋದ ಬಂಗಾರಕ್ಕೆ ಅದು ಹೊದಿಕೆಯಾಗಿ ಕೂತಿತ್ತು. ಉಪ್ಪು ಹಾಕಿದರೂ ಕಣಗಳು ಸೇರಲಿಲ್ಲ. ಇದೇ ಹೊಳೆ ಕೆಳಗೆ ಮರವಂತೆಯಲ್ಲಿ, ಕಡಲಿನ ಪಕ್ಕ ಹರಿಯುವಲ್ಲಿ ಕಥೆ ತಿರುವುಮುರುವು. ಅಲ್ಲಿ ನೀರಿಗೆ ಉಬ್ಬರದ ಉಪ್ಪು ಸೇರಿದ್ದರೆ ಸಾಕು, ಬ್ಯಾಕ್ಟೀರಿಯಾ ಇಲ್ಲದಿದ್ದರೂ ಬಂಗಾರ ನೀಲಿಯಾಗುತ್ತದೆ. ನಾನು ಬ್ಯಾಕ್ಟೀರಿಯಾವನ್ನು ಓದಿದ್ದೆ, ಬಂಗಾರವನ್ನು ಓದಿದ್ದೆ, ಹೊಳೆಯನ್ನು ಓದಿರಲಿಲ್ಲ.

ಈಗ ನೀರನ್ನು ಮೊದಲು ಸೋಸಿ, ಫಿಲ್ಟರಿನ ಮೇಲೆ ಸಿಕ್ಕಿದ್ದನ್ನು ತೊಳೆದು, ಆಮೇಲೆ ಬಂಗಾರದ ಹತ್ತಿರ ಬಿಡುತ್ತಿದ್ದೇನೆ. ಅರ್ಧ ಗಂಟೆಯ ಕೆಲಸ ಎರಡು ಗಂಟೆಯದಾಗಿದೆ. 'ಕ್ಷಿಪ್ರ' ಎಂಬ ಪದ ಪ್ರಬಂಧದ ಶೀರ್ಷಿಕೆಯಲ್ಲಿ ಇನ್ನೂ ಇದೆ.

ಮೊನ್ನೆ ಊರಿಗೆ ಹೋದಾಗ ಅಮ್ಮಮ್ಮನಿಗೆ ಹಳೆಯ ಪ್ರಶ್ನೆಯ ಉತ್ತರ ಹೇಳಿದೆ: ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಎಲೆ ಬೇರುಗಳ ಸಾರ ಹೋಗುವುದಿಲ್ಲ. ಅದು ಎಷ್ಟು ಹಟಮಾರಿ ಎಂದು ನನಗೆ ಚೆನ್ನಾಗಿ ಗೊತ್ತು. ಅವರು ಒಲೆಯ ಮೇಲೆ ಪಾತ್ರೆ ಇಟ್ಟರು.