ವರ್ಸೇಲ್ಸಿನಲ್ಲಿ ಶ್ರೀರಂಗಪಟ್ಟಣ

ವರ್ಸೇಲ್ಸ್ ಅರಮನೆಗೆ ಹೋದವರೆಲ್ಲರೂ ಮೊದಲು ಹುಡುಕುವುದು ಕನ್ನಡಿಗಳ ಹಜಾರವನ್ನು. ಅಲ್ಲಿರುವುದು 357 ಕನ್ನಡಿಗಳು. ಜನಜಂಗುಳಿಯಲ್ಲಿ ನಮ್ಮ ಮುಖವೇ ನಮಗೆ ಕಾಣಲಿಲ್ಲ! ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಹರ್ಕ್ಯುಲಿಸನ ಹೆಸರಿನ ಕೋಣೆ. 1788ರ ಆಗಸ್ಟ್ 10ರಂದು ಟಿಪ್ಪುಸುಲ್ತಾನನ ಮೂವರು ರಾಯಭಾರಿಗಳು ಹದಿನಾರನೆಯ ಲೂಯಿ ದೊರೆಯನ್ನು ಕಂಡದ್ದು ಇಲ್ಲಿಯೇ. ಇಂಗ್ಲಿಷರ ವಿರುದ್ಧ ನೆರವನ್ನು ಬೇಡಿ ಕಡಲು ದಾಟಿ ಬಂದವರು ಅವರು. ಬೊಕ್ಕಸ ಬರಿದಾಗಿದ್ದ ದೊರೆ ಆದರಿಸಿದ, ಉಡುಗೊರೆಗಳನ್ನಿತ್ತ. ಸೈನ್ಯವನ್ನು ಮಾತ್ರ ಕೊಡಲಿಲ್ಲ. ಮರುವರ್ಷವೇ ಅವನೂ ಈ ಅರಮನೆಯನ್ನು ಬಿಟ್ಟು ಹೊರಡಬೇಕಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು.

“ಸೈನ್ಯ ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!” ಎಂದಳು ಮಗಳು.

“ಕೊಟ್ಟಿದ್ದರೆ ನಮ್ಮ ಒಡೆಯರು ಮತ್ತೆ ಪಟ್ಟಕ್ಕೆ ಬರುತ್ತಿದ್ದರೇನೆ?” ಎಂದು ಮೈಸೂರಿನವರಾದ ನಮ್ಮ ಅತ್ತೆಯವರು ಗದರಿದರು.

ಉದ್ಯಾನದ ಕಾರಂಜಿಗಳನ್ನು ತಲುಪಿದರೂ ಅಜ್ಜಿ ಮೊಮ್ಮಗಳ ವಾದ ಮುಗಿದಿರಲಿಲ್ಲ.